ಹೊರಗಿನ ಕರೆಂಟು, ಒಳಗಿನ ಕರೆಂಟು: ರೆಡ್ ಹಿಲ್ಸ್‌ನಿಂದ ಶುರುವಾದ ಒಂದು ಚರಿತ್ರೆ

ಹೋದ ಭಾನುವಾರದ ವಿಡಿಯೋದಲ್ಲಿ ಆಡಿದ ಮಾತಿನ ಬರಹರೂಪ ಇದು. ನಲವತ್ತು ನಿಮಿಷ ಕೂತು ಕೇಳೋಕೆ ಪುರುಸೊತ್ತಿಲ್ಲ, ಕ್ಯಾಬಿನಲ್ಲಿ ಓದ್ಕೊಂಡು ಹೋಗ್ತೀವಿ ಅನ್ನೋರಿಗೆ. ಮಾತಾಡುವಾಗ ಹಿಂದುಮುಂದಾಗಿದ್ದನ್ನು ಸರಿ ಮಾಡಿದ್ದೇನೆ, ಬಾಯಿಗೆ ಬರದೆ ಉಳಿದ ಒಂದೆರಡು ಇಸವಿ ಸೇರಿಸಿದ್ದೇನೆ.

ನಮ್ಮಲ್ಲಿ ಎಷ್ಟೋ ಜನ ದಿನಾ ಮೆಹದಿಪಟ್ಣಂ ದಾಟಿಕೊಂಡೇ ಗಚ್ಚಿಬೌಲಿ ಕಡೆ ಆಫೀಸಿಗೆ ಹೋಗೋರು. ಆ ಹೆಸರು ಯಾರದ್ದು ಅಂತ ನಾನು ಒಂಬತ್ತು ವರ್ಷ ಯೋಚನೆ ಮಾಡಿರಲಿಲ್ಲ. ಎರಡು ವರ್ಷದ ಹಿಂದೆ ದೊಡ್ಡವ್ವನ ಫೈಲ್ ಹಿಡಕೊಂಡು ಲಕ್ಡಿಕಾಪುಲ್ ಪಕ್ಕದ ರೆಡ್ ಹಿಲ್ಸ್‌ನಲ್ಲಿ ಓಡಾಡುವಾಗ ಒಂದು ಬೋರ್ಡು ಕಣ್ಣಿಗೆ ಬಿತ್ತು: ಎಂಎನ್‌ಜೆ ಕ್ಯಾನ್ಸರ್ ಆಸ್ಪತ್ರೆ. ಎಂಎನ್‌ಜೆ ಅಂದರೆ ಮೆಹದಿ ನವಾಜ್ ಜಂಗ್. ಹಳೇ ಹೈದರಾಬಾದ್ ರಾಜ್ಯದ ಮಂತ್ರಿ, ಮುಂದೆ 1960ರಲ್ಲಿ ಗುಜರಾತಿನ ಮೊದಲ ರಾಜ್ಯಪಾಲ. ಮೆಹದಿಪಟ್ಣಂ ಹೆಸರೂ ಅವರಿಂದಲೇ ಬಂದದ್ದು ಅಂತಾರೆ. ಆಸ್ಪತ್ರೆ ಶುರುವಾದದ್ದು 1955ರಲ್ಲಿ, ಕ್ಯಾನ್ಸರ್ ಆಸ್ಪತ್ರೆ ಮತ್ತು ರೇಡಿಯಂ ಇನ್‌ಸ್ಟಿಟ್ಯೂಟ್ ಆಗಿ.

1955 ಅಂದಾಗ ನನಗೆ ತಲೆಗೆ ಹೊಳೆದದ್ದು ಇನ್ನೊಂದು. ಆ ವರ್ಷ ರಾಯಚೂರು, ಗುಲ್ಬರ್ಗಾ, ಬೀದರ್ ಮೂರೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಗಡಿ ಸರಿದದ್ದು 1956ರ ನವೆಂಬರ್ 1ಕ್ಕೆ. ಅಂದರೆ ಸರಿಸುಮಾರು ಒಂದು ವರ್ಷದ ಮಟ್ಟಿಗೆ ಅದು ನಮ್ಮೂರಿನ ಹೆಂಗಸರಿಗೂ ಸ್ವಂತ ರಾಜ್ಯದ ಆಸ್ಪತ್ರೆ. ಆಮೇಲೆ ಅವರ ರಾಜಧಾನಿ ಬೆಂಗಳೂರಾಯಿತು. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಬಂದದ್ದು 1973ರಲ್ಲಿ. ನಡುವಿನ ಕಾಲ ಹೇಗೆ ಕಳೆಯಿತು ಅಂತ ನಮ್ಮ ಕಡೆಯ ಹಳಬರನ್ನು ಕೇಳಿ ನೋಡಿ. ಗಡಿ ಬದಲಾದ್ರೂ ರೈಲು ಬದಲಾಗಲಿಲ್ಲ, ರೋಗಿಗಳು ಇಲ್ಲಿಗೇ ಬಂದರು. ಈಗಲೂ ಬರ್ತಾರೆ. ರಾಯಚೂರಿನಿಂದ ಹೈದರಾಬಾದು ಇನ್ನೂರು ಕಿಲೋಮೀಟರಿನ ಆಸುಪಾಸು, ಬೆಂಗಳೂರು ಅದರ ಎರಡರಷ್ಟು.

ದೊಡ್ಡವ್ವ ಅಂದರೆ ನಮ್ಮ ಅವ್ವನ ಅಕ್ಕ, ಮಾನ್ವಿ ಕಡೆಯ ಹಳ್ಳಿಯವಳು. ಮುಟ್ಟು ನಿಂತು ಎಂಟು ವರ್ಷ ಆದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಿತ್ತು. ಅದಕ್ಕೂ ಮೊದಲು ವರ್ಷಗಟ್ಟಲೆ ಬಿಳಿ ಸೆರಗು. ಯಾರಿಗೂ ಹೇಳಿರಲಿಲ್ಲ. ಮಗಳಿಗೆ ಹೇಳಿದ್ದು ಆರು ತಿಂಗಳಾದ ಮೇಲೆ. ಬಯಾಪ್ಸಿ ಬಂತು, ಸ್ಕ್ಯಾನ್ ಆಯಿತು: ಗರ್ಭಕಂಠದ ಕ್ಯಾನ್ಸರ್, ಹಂತ ಮೂರು ಬಿ. ಆಪರೇಷನ್ ದಾಟಿಹೋಗಿದೆ, ರೇಡಿಯೇಷನ್ನೇ ದಾರಿ ಅಂದರು. ನಮ್ಮ ಕಡೆ ರೇಡಿಯೇಷನ್ ಅನ್ನಲ್ಲ, 'ಕರೆಂಟ್ ಕೊಡ್ತಾರ' ಅಂತಾರೆ.

ಹೈದರಾಬಾದಿನಲ್ಲಿ ಇರೋನು ನಾನೊಬ್ಬನೇ ಆದ್ದರಿಂದ ಆಸ್ಪತ್ರೆ ಹುಡುಕೋ ಕೆಲಸ ನನ್ನದಾಯಿತು. (ನಮ್ಮ ಆಫೀಸಿನ ಇನ್ಶೂರೆನ್ಸಿನಲ್ಲಿ ಅಪ್ಪ-ಅಮ್ಮ ಸೇರ್ತಾರೆ, ದೊಡ್ಡವ್ವ ಸೇರಲ್ಲ. ತೆಲಂಗಾಣದ ಆರೋಗ್ಯಶ್ರೀ ತೆಲಂಗಾಣದವರಿಗೆ. ಆಗ 1956 ನನಗೆ ಇನ್ನೊಂದು ಸಲ ನೆನಪಾಯಿತು.) ಮೊದಲು ಹೋದ ಕಡೆ ಒಂದು ಚಂದದ ಬ್ರೋಷರ್ ಕೊಟ್ಟರು. ಮೂರು ಕಾಲಮ್ಮು, ಮೂರು ರೇಟು: ತ್ರೀಡಿ, ಐಎಂಆರ್‌ಟಿ, ಅದಕ್ಕೂ ಮೇಲಿನದು ರೋಬೋಟ್ ಕೈಯಂಥ ಯಂತ್ರ. "ಒಳಗಡೆ ಕೊಡೋದೆಲ್ಲ ಹಳೇ ಪದ್ಧತಿ ಸಾರ್, ನಮ್ಮಲ್ಲಿ ಹೊಸ ಮಷೀನಿಂದಲೇ ಕೊನೇ ಡೋಸೂ ಮುಗಿಸಿಬಿಡ್ತೀವಿ, ಅನಸ್ತೀಷಿಯಾ ಬೇಡ, ನೋವಿಲ್ಲ" ಅಂದರು. ನಾನು ಡೇಟಾಬೇಸ್ ನೋಡ್ಕೊಳ್ಳೋ ಎಂಜಿನಿಯರು. ಹೊಸ ವರ್ಷನ್ ಬಂದಿದೆ ಅಂದರೆ ಹಳೇದು ಬೇಡ ಅನ್ನೋದು ನಮ್ಮ ರಕ್ತದಲ್ಲೇ ಇದೆ ನೋಡಿ. ಸಾಲ ಮಾಡಿಯಾದರೂ ಮೂರನೇ ಕಾಲಮ್ಮೇ ಆಗಲಿ ಅಂತ ಮನೆಯ ವಾಟ್ಸಾಪ್ ಗುಂಪಿನಲ್ಲಿ ಬರೆದವನು ನಾನೇ.

ಆ ರಾತ್ರಿ ನಿದ್ದೆ ಬರದೆ ಓದಲು ಕೂತೆ. ಓದಿದ್ದು ನೂರಾಇಪ್ಪತ್ತು ವರ್ಷದ ಚರಿತ್ರೆ. ಅದರಲ್ಲಿ ಸಿಕ್ಕ ಸಂಗತಿಯನ್ನೇ ಇವತ್ತು ಹೇಳಬೇಕಾಗಿರೋದು: ಈ ಒಂದು ಕಾಯಿಲೆಯ ಮಟ್ಟಿಗೆ, ಬ್ರೋಷರಿನಲ್ಲಿ 'ಹಳೇ ಪದ್ಧತಿ' ಅಂತ ಕರೆಸಿಕೊಂಡದ್ದೇ ಗುಣಪಡಿಸುವುದರಲ್ಲಿ ದೊಡ್ಡ ಪಾಲಿನದು.

1898ರಲ್ಲಿ ಎರಡು ಘಟನೆ ಹತ್ತಿರ ಹತ್ತಿರ ನಡೆದವು. ನವೆಂಬರಿನಲ್ಲಿ ವಿಯೆನ್ನಾದ ಅರ್ನ್ಸ್ಟ್ ವೆರ್ಟ್‌ಹೈಮ್ ಗರ್ಭಕೋಶ, ಸುತ್ತಲಿನ ಊತಕ, ದುಗ್ಧಗ್ರಂಥಿ ಎಲ್ಲ ಸೇರಿಸಿ ತೆಗೆಯುವ ದೊಡ್ಡ ಆಪರೇಷನ್ ಶುರು ಮಾಡಿದರು. ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಮೇರಿ ಮತ್ತು ಪಿಯರ್ ಕ್ಯೂರಿ ರೇಡಿಯಂ ಸಿಕ್ಕಿತು ಅಂತ ಪ್ರಕಟಿಸಿದರು. ಆಪರೇಷನ್ ಆ ಕಾಲಕ್ಕೆ ಭಯಂಕರವಾದದ್ದು. ರಕ್ತ ಕೊಡುವ ವ್ಯವಸ್ಥೆ ಇಲ್ಲ, ಆಂಟಿಬಯೋಟಿಕ್ ಇಲ್ಲ, ಆಪರೇಷನ್ನಿನಿಂದಲೇ ಸಾಯೋರು ಬಹಳ. ಅದಕ್ಕೇ ರೇಡಿಯಂ ಬಂದದ್ದೇ ತಡ, ಹೆಂಗಸರ ಡಾಕ್ಟರುಗಳು ಅದರ ಹಿಂದೆ ಬಿದ್ದರು. 1903ರಲ್ಲೇ ನ್ಯೂಯಾರ್ಕಿನ ಮಾರ್ಗರೆಟ್ ಕ್ಲೀವ್ಸ್ ಎಂಬ ವೈದ್ಯೆ ರೇಡಿಯಂ ಇಟ್ಟು ಗರ್ಭಕಂಠದ ಕ್ಯಾನ್ಸರಿಗೆ ಚಿಕಿತ್ಸೆ ಮಾಡಿದ್ದರು. ರೇಡಿಯಂ ಸಿಕ್ಕ ಐದೇ ವರ್ಷಕ್ಕೆ!

ಒಳಗೆ ಯಾಕೆ ಇಡಬೇಕು? ಇದು ಗೊತ್ತಾಗದಿದ್ದರೆ ಮುಂದಿನದು ಯಾವುದೂ ಗೊತ್ತಾಗಲ್ಲ, ಅದಕ್ಕೇ ಸ್ವಲ್ಪ ನಿಧಾನ ಮಾಡ್ತೀನಿ. ಗರ್ಭಕಂಠ ಇರೋ ಜಾಗ ಇಕ್ಕಟ್ಟು. ಮುಂದೆ ಮೂತ್ರಕೋಶ, ಹಿಂದೆ ಗುದನಾಳ, ಮೇಲಿಂದ ಕರುಳು ಇಳಿಬಿದ್ದಿರುತ್ತೆ. ಹೊರಗಿನಿಂದ ಎಷ್ಟು ಬಲವಾಗಿ ಕಿರಣ ಬಿಟ್ಟರೂ ಅದು ಇವುಗಳನ್ನು ದಾಟಿಕೊಂಡೇ ಹೋಗಬೇಕು. ಗೆಡ್ಡೆ ಪೂರ್ತಿ ಸಾಯುವಷ್ಟು ಡೋಸು ಕೊಟ್ಟರೆ ಕರುಳೂ ಸಾಯುತ್ತೆ. ಆದರೆ ಗರ್ಭಕೋಶದ ಸ್ನಾಯು ಮಾತ್ರ ಗಟ್ಟಿ. ಕರುಳು ತಡೆಯದಷ್ಟು ಡೋಸನ್ನು ಅದು ತಡೆಯುತ್ತೆ. ಜೊತೆಗೆ ಅಲ್ಲಿಗೆ ಹೋಗೋಕೆ ಪ್ರಕೃತಿಯೇ ಕೊಟ್ಟ ದಾರಿ ಇದೆ. ಕಿರಣ ಹೊರಡುವ ಮೂಲವನ್ನು ಗೆಡ್ಡೆಯ ನಟ್ಟನಡುವೆ ಇಟ್ಟರೆ ದೂರದ ವರ್ಗದಷ್ಟು ಡೋಸು ಇಳಿಯುತ್ತೆ. ಒಂದು ಸೆಂಟಿಮೀಟರಿನಲ್ಲಿ ಇದ್ದದ್ದು ಎರಡರಲ್ಲಿ ನಾಲ್ಕನೇ ಒಂದು ಭಾಗ, ಮೂರರಲ್ಲಿ ಒಂಬತ್ತನೇ ಒಂದು. ಗೆಡ್ಡೆಗೆ ಬೆಂಕಿ, ಎರಡು ಬೆರಳು ಆಚೆ ಬರೀ ಬಿಸಿ. ಇದಕ್ಕೆ ಬ್ರಾಕಿಥೆರಪಿ ಅಂತ ಹೆಸರು. ಗ್ರೀಕಿನಲ್ಲಿ 'ಬ್ರಾಕಿ' ಅಂದರೆ ಹತ್ತಿರ, ಗಿಡ್ಡ ಅಂತ. ಹೊರಗಿನ ಯಂತ್ರ ಎಷ್ಟೇ ಜಾಣ ಆದರೂ ಈ ಇಳಿಜಾರನ್ನು ಅಷ್ಟು ಸಲೀಸಾಗಿ ಕಟ್ಟಲಾರದು.

ಇನ್ನು ಪದ್ಧತಿಗಳ ಜಗಳ. 1910ರ ದಶಕದಲ್ಲಿ ಸ್ಟಾಕ್‌ಹೋಮಿನಲ್ಲಿ ಗೋಸ್ಟಾ ಫೋರ್ಸೆಲ್ ಮತ್ತವರ ಜೊತೆಯವರು ಒಂದು ದಾರಿ ಹಿಡಿದರು: ರೇಡಿಯಂ ಹೆಚ್ಚು, ಹೊತ್ತು ಕಮ್ಮಿ. ಒಂದು ದಿನದಷ್ಟು ಇಟ್ಟು ತೆಗೆಯೋದು, ಕೆಲವು ವಾರ ಬಿಟ್ಟು ಮತ್ತೆ ಇಡೋದು. ಪ್ಯಾರಿಸ್ಸಿನಲ್ಲಿ ಕ್ಲೋಡ್ ರೆಗೋ ತದ್ವಿರುದ್ಧ: ರೇಡಿಯಂ ಕಮ್ಮಿ, ದಿನಗಟ್ಟಲೆ ಬಿಡದೆ. ಅಲ್ಲಿ ರೇಡಿಯಂ ನಳಿಕೆಗಳನ್ನು ಹಿಡಿದಿಡೋಕೆ ಬೂಚಿನ ತುಂಡುಗಳನ್ನು ಬಳಸ್ತಿದ್ದರು. ಹೌದು, ಸೀಸೆಯ ಬೂಚು ಮಾಡ್ತಾರಲ್ಲ ಅದೇ ಕಾರ್ಕು. ಯಾವುದು ಮೇಲು? ಇಬ್ಬರೂ ನಮ್ಮದೇ ಅಂದರು. ಹೋಲಿಸೋಕೆ ಹೋದರೆ ಒಬ್ಬರ ರೋಗಿಗಳು ಶುರುವಿನವರು, ಇನ್ನೊಬ್ಬರ ರೋಗಿಗಳು ಕೊನೇ ಹಂತದವರು. ಹೋಲಿಕೆಗೆ ಅರ್ಥವೇ ಇಲ್ಲ.

ಆಗ ಈ ಜಗಳ ತೀರಿಸೋಕೆ ಮುಂದೆ ಬಂದದ್ದು ಯಾರು ಗೊತ್ತಾ? ಲೀಗ್ ಆಫ್ ನೇಷನ್ಸ್. ಶಾಲೆಯಲ್ಲಿ ನಾವು 'ವಿಫಲವಾಯಿತು' ಅಂತ ಎರಡು ಅಂಕಕ್ಕೆ ಬರೆದ ಅದೇ ಸಂಸ್ಥೆ. ಅದರ ಆರೋಗ್ಯ ವಿಭಾಗ 1920ರ ದಶಕದಲ್ಲಿ ಗರ್ಭಕಂಠದ ಕ್ಯಾನ್ಸರಿನ ರೇಡಿಯಂ ಚಿಕಿತ್ಸೆಯನ್ನೇ ಆರಿಸಿಕೊಂಡು, ಎಲ್ಲರೂ ಒಂದೇ ಅಳತೆಯಲ್ಲಿ ಲೆಕ್ಕ ಕೊಡಲಿ ಅಂತ ರೋಗವನ್ನು ನಾಲ್ಕು ಹಂತವಾಗಿ ವಿಂಗಡಿಸಿ 1929ರಲ್ಲಿ ಪ್ರಕಟಿಸಿತು. 1937ರಿಂದ ಸ್ಟಾಕ್‌ಹೋಮಿನ ಜೇಮ್ಸ್ ಹೇಮನ್ ಸಂಪಾದಕತ್ವದಲ್ಲಿ ಆಸ್ಪತ್ರೆಗಳ ಫಲಿತಾಂಶ ಪುಸ್ತಕವಾಗಿ ಬರಲು ಶುರುವಾಯಿತು. ಇವತ್ತು ಯಾರಿಗಾದರೂ ಕ್ಯಾನ್ಸರ್ ಅಂದ ಕೂಡಲೇ ನಾವು ಕೇಳೋ ಮೊದಲ ಪ್ರಶ್ನೆ 'ಯಾವ ಸ್ಟೇಜು?' ಅಂತ ತಾನೆ? ದೊಡ್ಡವ್ವನ ಫೈಲಿನ ಮೇಲಿದ್ದ 'ಮೂರು ಬಿ' ಅನ್ನೋ ಎರಡಕ್ಷರದ ಮೂಲ ಆ ಸ್ಟಾಕ್‌ಹೋಂ-ಪ್ಯಾರಿಸ್ ಜಗಳದಲ್ಲಿದೆ.

1938ರಲ್ಲಿ ಮ್ಯಾಂಚೆಸ್ಟರಿನ ಮಾರ್ಗರೆಟ್ ಟಾಡ್ ಎಂಬ ವೈದ್ಯೆ ಮತ್ತು ಮೆರೆಡಿತ್ ಎಂಬ ಭೌತವಿಜ್ಞಾನಿ ಇನ್ನೊಂದು ಹೆಜ್ಜೆ ಇಟ್ಟರು. ಎಷ್ಟು ಮಿಲಿಗ್ರಾಂ ರೇಡಿಯಂ, ಎಷ್ಟು ಗಂಟೆ ಅನ್ನೋ ಲೆಕ್ಕ ಬಿಡಿ, ಒಳಗೆ ಒಂದು ಗೊತ್ತಾದ ಜಾಗಕ್ಕೆ ಎಷ್ಟು ಡೋಸು ಹೋಯಿತು ಹೇಳಿ ಅಂದರು. ಆ ಜಾಗಕ್ಕೆ 'ಪಾಯಿಂಟ್ ಎ' ಅಂತ ಹೆಸರು: ಯೋನಿಯ ಮೇಲ್ತುದಿಯಿಂದ ಎರಡು ಸೆಂಟಿಮೀಟರ್ ಮೇಲೆ, ಗರ್ಭನಾಳದ ಗೆರೆಯಿಂದ ಎರಡು ಸೆಂಟಿಮೀಟರ್ ಪಕ್ಕಕ್ಕೆ. ಎಂಬತ್ತು ವರ್ಷದ ಮೇಲಾಯಿತು, ಇವತ್ತಿಗೂ ಭಾರತದ ಎಷ್ಟೋ ಆಸ್ಪತ್ರೆಗಳಲ್ಲಿ ಇದೇ ಬಿಂದುವಿಗೆ ಡೋಸು ಬರೀತಾರೆ. ಸಿ.ಟಿ. ಸ್ಕ್ಯಾನ್ ಇಲ್ಲದ ಕಾಲದಲ್ಲಿ, ಎಕ್ಸ್‌ರೇ ಮತ್ತು ಕಾಗದದ ಮೇಲೆ ಮಾಡಿದ ಲೆಕ್ಕ. ನಮ್ಮ ಫೀಲ್ಡಿನಲ್ಲಿ ಇಷ್ಟು ದಿನ ಬಾಳಿದ ಒಂದು ಸ್ಟ್ಯಾಂಡರ್ಡ್ ತೋರಿಸಿ ನೋಡೋಣ!

ನಮ್ಮ ಕಡೆಗೆ ಬರೋಣ. 1955ಕ್ಕೆ ಮೊದಲು ರಾಯಚೂರಿನ ಹೆಣ್ಣುಮಗಳಿಗೆ ಈ ಕಾಯಿಲೆ ಬಂದು, ದುಡ್ಡೂ ಧೈರ್ಯವೂ ಇದ್ದಿದ್ದರೆ, ಎಲ್ಲಿಗೆ ಹೋಗಬಹುದಿತ್ತು? ಬೊಂಬಾಯಿ-ಮದ್ರಾಸ್ ರೈಲುದಾರಿ ರಾಯಚೂರಿನ ಮೇಲೇ ಹೋಗುತ್ತೆ. ಒಂದು ಕಡೆ ಹತ್ತಿದರೆ ಮದ್ರಾಸಿನ ಜನರಲ್ ಆಸ್ಪತ್ರೆಯಲ್ಲಿ 1934ರಲ್ಲಿ ಶುರುವಾದ ಬರ್ನಾರ್ಡ್ ಇನ್‌ಸ್ಟಿಟ್ಯೂಟ್. ಇನ್ನೊಂದು ಕಡೆ ಹತ್ತಿದರೆ 1941ರ ಟಾಟಾ ಮೆಮೋರಿಯಲ್. ಎಷ್ಟು ಜನ ಹತ್ತಿದರು ಅನ್ನೋದು ಬೇರೆ ಮಾತು. ನಮ್ಮಜ್ಜಿಯ ಕಾಲದಲ್ಲಿ ಇದಕ್ಕೆ ಹೆಸರೇ ಇರಲಿಲ್ಲ, 'ಒಳಗಿನ ಬ್ಯಾನಿ' ಅನ್ನೋರು, ಅಷ್ಟೆ.

ರೇಡಿಯಂ ಕಾಲದ ಕಷ್ಟ ರೋಗಿಗೆ ಮಾತ್ರ ಅಲ್ಲ. ಡಾಕ್ಟರು ಕೈಯಿಂದಲೇ ನಳಿಕೆ ಹಿಡಿದು ಒಳಗೆ ಸೇರಿಸಬೇಕು. ಕಿರಣ ಆಗಲೇ ಹೊರಡ್ತಾ ಇರುತ್ತೆ. ಆಮೇಲೆ ಎರಡು-ಮೂರು ದಿನ ಆ ಹೆಂಗಸು ಮಗ್ಗುಲು ಬದಲಿಸದೆ ಮಲಗಿರಬೇಕು, ಊಟ, ಕಕ್ಕಸು ಎಲ್ಲ ಹಾಸಿಗೆಯಲ್ಲೇ. ನೋಡ್ಕೊಳ್ಳೋ ನರ್ಸಿಗೂ ಪಾಲು ಡೋಸು. ರೇಡಿಯಂನ ಅರ್ಧಾಯುಷ್ಯ 1600 ವರ್ಷ. ನಳಿಕೆ ಬಿರುಕು ಬಿಟ್ಟರೆ ರೇಡಾನ್ ಅನಿಲ ಸೋರುತ್ತೆ. ಇದಕ್ಕೆ ಉತ್ತರ ಕೊಟ್ಟವರಲ್ಲಿ ದೊಡ್ಡ ಹೆಸರು ಜರ್ಮನಿಯಿಂದ ನ್ಯೂಯಾರ್ಕಿಗೆ ಹೋದ ಉಲ್ರಿಚ್ ಹೆನ್‌ಶ್ಕೆ. 1950-60ರ ದಶಕದಲ್ಲಿ ಅವರು ಬೆಳೆಸಿದ ಉಪಾಯ ಸರಳ: ಮೊದಲು ಖಾಲಿ ಕೊಳವೆ ಸೇರಿಸಿ, ಎಕ್ಸ್‌ರೇ ತೆಗೆದು ಸರಿಯಾಗಿ ಕೂತಿದೆಯಾ ನೋಡಿ, ಆಮೇಲೆ ಕಿರಣದ ಮೂಲವನ್ನು ಒಳಗೆ ಬಿಡಿ. ಮುಂದೆ ಅದನ್ನೂ ಯಂತ್ರವೇ ಬಿಡುವಂತಾಯಿತು, ಮನುಷ್ಯರೆಲ್ಲ ಗೋಡೆಯ ಆಚೆ. ರೇಡಿಯಂ ಹೋಗಿ ಸೀಸಿಯಂ ಬಂತು, ಆಮೇಲೆ ಇರಿಡಿಯಂ. ಸಣ್ಣ ತಂತಿಯ ತುದಿಯಲ್ಲಿ ಅಕ್ಕಿಕಾಳಿಗಿಂತ ಚಿಕ್ಕ ಇರಿಡಿಯಂ ತುಣುಕು. ದಿನಗಟ್ಟಲೆ ಹಿಡೀತಿದ್ದ ಕೆಲಸ ಹತ್ತು-ಹದಿನೈದು ನಿಮಿಷಕ್ಕೆ ಇಳಿಯಿತು. ಇದೇ ಎಚ್‌ಡಿಆರ್, ಅಂದರೆ ವೇಗವಾಗಿ ಡೋಸು ಕೊಡುವ ಪದ್ಧತಿ.

ಇಷ್ಟು ವೇಗವಾಗಿ ಕೊಟ್ಟರೆ ಗುದನಾಳ, ಮೂತ್ರಕೋಶ ಸುಡಲ್ವಾ ಅನ್ನೋ ಭಯ ಇತ್ತು, ಸುಳ್ಳು ಭಯ ಅಲ್ಲ. ಅದನ್ನು ಪರೀಕ್ಷೆ ಮಾಡಿದವರಲ್ಲಿ ನಮ್ಮ ಚಂಡೀಗಢದ ಪಿಜಿಐ ಡಾಕ್ಟರುಗಳೂ ಇದ್ದಾರೆ. 482 ಮಹಿಳೆಯರು, ನಿಧಾನದ ಪದ್ಧತಿ ಮತ್ತು ವೇಗದ ಪದ್ಧತಿ, 1994ರಲ್ಲಿ ಫಲಿತಾಂಶ. ಬದುಕಿ ಉಳಿದವರ ಲೆಕ್ಕದಲ್ಲಿ ವ್ಯತ್ಯಾಸ ಇಲ್ಲ. ಗುದನಾಳದ ತೊಂದರೆ ವೇಗದ ಪದ್ಧತಿಯಲ್ಲೇ ಕಮ್ಮಿ. ಒಂದು ಹಾಸಿಗೆಯಲ್ಲಿ ಒಬ್ಬಳು ಮೂರು ದಿನ ಮಲಗೋ ಬದಲು ಒಂದು ಕೋಣೆಯಲ್ಲಿ ದಿನಕ್ಕೆ ಹಲವರಿಗೆ ಚಿಕಿತ್ಸೆ. ನಮ್ಮಂಥ ದೇಶಕ್ಕೆ ಇದು ಎಷ್ಟು ದೊಡ್ಡದು ಯೋಚನೆ ಮಾಡಿ. 2022ರ ಅಂದಾಜಿನಲ್ಲಿ ಭಾರತದಲ್ಲಿ ವರ್ಷಕ್ಕೆ ಸುಮಾರು 1.27 ಲಕ್ಷ ಹೊಸ ರೋಗಿಗಳು, ಸುಮಾರು 80 ಸಾವಿರ ಸಾವು.

ಹೊರಗಿನ ಯಂತ್ರದ ಕಥೆಯೂ ಚಂದವೇ, ಆದರೆ ಎಲ್ಲರಿಗೂ ಅರ್ಧಂಬರ್ಧ ಗೊತ್ತಿರೋದು, ಬೇಗ ಹೇಳಿ ಮುಗಿಸ್ತೀನಿ. ಮೊದಲಿನ ಎಕ್ಸ್‌ರೇ ಯಂತ್ರಗಳು ಚರ್ಮ ಸುಡ್ತಿದ್ದವು, ಒಳಗೆ ಮುಟ್ಟುತ್ತಿರಲಿಲ್ಲ. 1951ರಲ್ಲಿ ಕೆನಡಾದಲ್ಲಿ ಕೋಬಾಲ್ಟ್ ಯಂತ್ರ ಬಂತು. ಸಾಸ್ಕಟೂನ್ ಊರಿನಲ್ಲಿ ಆ ನವೆಂಬರಿನಲ್ಲಿ ಅದರಡಿ ಮಲಗಿದ ಮೊದಲ ರೋಗಿ 43 ವರ್ಷದ ನಾಲ್ಕು ಮಕ್ಕಳ ತಾಯಿ, ಕಾಯಿಲೆ ಗರ್ಭಕಂಠದ ಕ್ಯಾನ್ಸರ್. ಆಕೆ 90ರ ತನಕ ಬದುಕಿದಳು. ಅದೇ 1951ರ ಅಕ್ಟೋಬರಿನಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಹೆನ್ರಿಯೆಟಾ ಲಾಕ್ಸ್ ತೀರಿಕೊಂಡಳು. 31 ವರ್ಷ, ಐದು ಮಕ್ಕಳು, ಅದೇ ಕಾಯಿಲೆ, ರೇಡಿಯಂ ಇಟ್ಟಿದ್ದರು. ಆಕೆಯ ಗೆಡ್ಡೆಯಿಂದ ಕೇಳದೆ ತೆಗೆದ ಜೀವಕೋಶಗಳು ಹೀಲಾ ಅನ್ನೋ ಹೆಸರಲ್ಲಿ ಇವತ್ತಿಗೂ ಪ್ರಯೋಗಾಲಯಗಳಲ್ಲಿ ಬೆಳೀತಿವೆ. ಈ ಎರಡು ಕಥೆ ಪಕ್ಕಪಕ್ಕ ಇಟ್ಟು 'ನೋಡಿ, ಕೋಬಾಲ್ಟ್ ಗೆದ್ದಿತು, ರೇಡಿಯಂ ಸೋತಿತು' ಅನ್ನೋರು ಸಿಗ್ತಾರೆ. ತಪ್ಪು. ಹೆನ್ರಿಯೆಟಾಳದ್ದು ವಿಪರೀತ ವೇಗವಾಗಿ ಹಬ್ಬಿದ, ಬೇರೆಯೇ ಬಗೆಯ ಗೆಡ್ಡೆ. ಒಬ್ಬೊಬ್ಬರ ಕಥೆ ಕಣ್ಣಲ್ಲಿ ನೀರು ತರಿಸುತ್ತೆ, ಪದ್ಧತಿ ತೂಗೋಕೆ ಆಗಲ್ಲ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ನಡೆದದ್ದೂ ಅದೇ: ಅವರ ಅತ್ತೆಗೆ ಹಂಗಾಯ್ತು, ಇವರ ಸೊಸೆಗೆ ಹಿಂಗಾಯ್ತು.

ಕೋಬಾಲ್ಟ್ 1957ರಲ್ಲಿ ಮದ್ರಾಸಿನ ಅಡ್ಯಾರ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟಿಗೆ ಬಂತು. ಆಮೇಲೆ ಊರೂರಿಗೆ ಹಬ್ಬಿತು. 2000ರ ದಶಕದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರ ರೂಪಿಸಿದ ಸ್ವದೇಶಿ ಕೋಬಾಲ್ಟ್ ಯಂತ್ರ 'ಭಾಭಾಟ್ರಾನ್' ತಯಾರಾದದ್ದು ಬೆಂಗಳೂರಿನ ಪನೇಷಿಯಾ ಕಂಪನಿಯಲ್ಲಿ. ನಮ್ಮವರು ಆ್ಯಪ್ ಮಾತ್ರ ಮಾಡೋದಲ್ಲ ಅಂತ ಹೇಳ್ಕೊಳ್ಳೋಕೆ ಒಂದು. ಕೋಬಾಲ್ಟ್ ಹಿಂದೆ ಲೀನಿಯರ್ ಆ್ಯಕ್ಸಿಲರೇಟರ್. ಅದಕ್ಕೆ ಸಿ.ಟಿ. ಸೇರಿ ತ್ರೀಡಿ. ಆಮೇಲೆ ಕಿರಣದ ದಾರಿಯಲ್ಲಿ ಸರಿದಾಡುವ ಲೋಹದ ಎಲೆಗಳಿಟ್ಟು, ಕಂಪ್ಯೂಟರಿನಿಂದ ಒಂದೊಂದು ಕೋನಕ್ಕೂ ಬೇರೆ ತೀವ್ರತೆ ಕೊಡೋ ಐಎಂಆರ್‌ಟಿ.

ಐಎಂಆರ್‌ಟಿ ಬರೀ ಮಾರ್ಕೆಟಿಂಗ್ ಅಂತ ನಾನು ಹೇಳ್ತಿಲ್ಲ. ಮುಂಬೈ ಟಾಟಾದಲ್ಲಿ ಸುಪ್ರಿಯಾ ಚೋಪ್ರಾ ಮತ್ತು ಸಂಗಡಿಗರು ಆಪರೇಷನ್ ಆದಮೇಲೆ ರೇಡಿಯೇಷನ್ ಬೇಕಾದ 300 ಮಹಿಳೆಯರನ್ನು ಎರಡು ಗುಂಪು ಮಾಡಿ ನೋಡಿದರು. ಫಲಿತಾಂಶ ಬಂದದ್ದು 2021ರಲ್ಲಿ. ಮೂರು ವರ್ಷದಲ್ಲಿ ಕರುಳಿನ ಗಣನೀಯ ತೊಂದರೆ ತ್ರೀಡಿ ಗುಂಪಿನಲ್ಲಿ ಶೇ. 42ರಷ್ಟು, ಐಎಂಆರ್‌ಟಿಯಲ್ಲಿ ಶೇ. 21. ಅರ್ಧಕ್ಕೆ ಅರ್ಧ! ದಿನಕ್ಕೆ ಹತ್ತು ಸಲ ಕಕ್ಕಸಿಗೆ ಓಡೋ ಬಾಳನ್ನು ಕಂಡವರಿಗೆ ಆ ಅಂಕಿಯ ಬೆಲೆ ಗೊತ್ತು. ಆದರೆ ಕ್ಯಾನ್ಸರ್ ಮರಳಿ ಬರೋದರಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಇರಲಿಲ್ಲ. ಹೊರಗಿನ ಯಂತ್ರ ಜಾಣ ಆದಷ್ಟೂ ಸುತ್ತಲಿನ ಅಂಗ ಉಳೀತವೆ. ಗೆಡ್ಡೆಯ ನಡುವಿನ ಕೆಲಸ ಅದರದ್ದಲ್ಲ.

ಅದರದ್ದೇ ಅಂದುಕೊಂಡವರಿಗೆ ಏನಾಯಿತು? ಇದು ಅಮೆರಿಕದ ಪಾಠ. ಅಲ್ಲಿ 1988ರಲ್ಲಿ ಶೇ. 83ರಷ್ಟು ರೋಗಿಗಳಿಗೆ ಒಳಗಿನ ಚಿಕಿತ್ಸೆ ಸಿಗ್ತಿತ್ತು. 2009ಕ್ಕೆ ಅದು ಶೇ. 58ಕ್ಕೆ ಇಳಿಯಿತು, 2003ರಲ್ಲಂತೂ ಧಡಕ್ಕನೆ. ಐಎಂಆರ್‌ಟಿ ಹಬ್ಬಿದ ಕಾಲವೂ ಅದೇ. ಹೊಸ ಯಂತ್ರದ ಬಿಲ್ಲು ದೊಡ್ಡದು, ಕೂತಲ್ಲೇ ಪ್ಲಾನ್ ಮಾಡಬಹುದು. ಬ್ರಾಕಿಥೆರಪಿಗೆ ಆಪರೇಷನ್ ಕೋಣೆ, ಅರಿವಳಿಕೆ, ಕೈ ಪಳಗಿದ ಡಾಕ್ಟರು ಎಲ್ಲ ಬೇಕು. 2013ರಲ್ಲಿ ಇದೆಲ್ಲ ಲೆಕ್ಕ ಹಾಕಿದಾಗ, ಮಿಕ್ಕದ್ದರಲ್ಲಿ ಸರಿಸಮ ಇದ್ದ ರೋಗಿಗಳನ್ನು ಹೋಲಿಸಿದರೂ ನಾಲ್ಕು ವರ್ಷಕ್ಕೆ ಬದುಕಿದ್ದವರು ಬ್ರಾಕಿಥೆರಪಿ ಆದವರಲ್ಲಿ ಶೇ. 58, ಆಗದವರಲ್ಲಿ ಶೇ. 46. ನೂರಕ್ಕೆ ಹನ್ನೆರಡು ಜನ. ಬ್ರಾಕಿಥೆರಪಿ ಬದಲು ಹೊರಗಿನಿಂದಲೇ ನಿಖರವಾಗಿ ದೊಡ್ಡ ಡೋಸು ಕೊಟ್ಟು ನೋಡೋಣ ಅಂತ ಟೆಕ್ಸಾಸಿನಲ್ಲಿ ಒಂದು ಪ್ರಯೋಗ ಶುರು ಮಾಡಿದ್ದರು. 15 ಜನ ಆಗುವಷ್ಟರಲ್ಲಿ ತೊಂದರೆಗಳು ಜಾಸ್ತಿಯಾಗಿ ನಿಲ್ಲಿಸಿಬಿಟ್ಟರು.

ಇಷ್ಟು ಓದೋ ಹೊತ್ತಿಗೆ ಬೆಳಗಿನ ಮೂರೂವರೆ. ಗುಂಪಿನಲ್ಲಿ ನಾನು ಬರೆದಿದ್ದ ಮೆಸೇಜ್ ಅಳಿಸೋಕೆ ಹೋದೆ, ಹೊತ್ತು ಮೀರಿತ್ತು.

ಮಾರನೇ ದಿನ ಅದೇ ಆಸ್ಪತ್ರೆಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ: ನಿಮ್ಮಲ್ಲಿ ಬ್ರಾಕಿಥೆರಪಿ ಯಂತ್ರ ಇದೆಯಾ? ಇರಲಿಲ್ಲ. ಬೇಡ ಅಂದದ್ದಕ್ಕೆ ಕಾರಣ ಅಷ್ಟೇನಾ ಅಂತ ಕೇಳೋ ಧೈರ್ಯ ಬರಲಿಲ್ಲ, ಫೋನ್ ಇಟ್ಟೆ.

ಬೇರೆ ಕಡೆ ಹೋದೆವು. ಅಲ್ಲಿನ ಮೇಡಂ ಫೈಲಿನ ಬೆನ್ನಿಗೆ ಒಂದು ಪೇರಲಹಣ್ಣಿನ ಚಿತ್ರ ಬರೆದು ದೊಡ್ಡವ್ವನಿಗೇ ತೋರಿಸಿದರು, ನನಗಲ್ಲ. "ನೋಡಮ್ಮ, ಡೋಸು ಈ ಆಕಾರದಲ್ಲಿ ನಿಲ್ಲುತ್ತೆ, ಗಡ್ಡೆ ಇದರ ಒಳಗಿದೆ" ಅಂದರು, ತೆಲುಗು ಬೆರೆಸಿದ ಕನ್ನಡದಲ್ಲಿ. ದೊಡ್ಡವ್ವ ಕೇಳಿದ್ದು ಒಂದೇ: "ಹೊರಗಿಂದ ಕೊಟ್ರ ಸಾಕಾಗಂಗಿಲ್ಲೇನ್ರಿ?" ಅವರು ಇಲ್ಲ ಅಂದರು. ಹೊರಗಿನದಕ್ಕೆ ತ್ರೀಡಿ ಆದರೂ ನಡೆಯುತ್ತೆ, ಐಎಂಆರ್‌ಟಿ ಆದರೆ ಕರುಳಿಗೆ ಒಳ್ಳೇದು, ದುಡ್ಡು ನೋಡ್ಕೊಂಡು ಹೇಳಿ, ಆದರೆ ಒಳಗಿನದು ಬಿಡೋ ಹಾಗಿಲ್ಲ, ಎಲ್ಲ ಸೇರಿ ಎಂಟು ವಾರದೊಳಗೆ ಮುಗೀಬೇಕು ಅಂದರು. ಈ ಎಂಟು ವಾರದ ಮಾತನ್ನು ನಾವು ಯಾರೂ ಬ್ರೋಷರಿನಲ್ಲಿ ಓದಿರಲಿಲ್ಲ. ನಡುವೆ ಹಬ್ಬ, ಮದುವೆ, ಊರಿಗೆ ಹೋಗಿಬರೋದು ಅಂತ ದಿನ ಎಳೆದಷ್ಟೂ ಕ್ಯಾನ್ಸರ್ ಚಿಗುರೋಕೆ ಬಿಟ್ಟಂಗೆ. ಯಂತ್ರ ಯಾವುದೇ ಇರಲಿ.

ಐದು ವಾರ, 25 ಸಲ ಹೊರಗಿನ ಕರೆಂಟು. ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಔಷಧ. ಇದನ್ನು ಸೇರಿಸೋದು 1999ರಿಂದ ಜಗತ್ತಿನಲ್ಲಿ ರೂಢಿ. ಆದರೆ ನಮ್ಮಲ್ಲಿ ಬರೋರು ಮೂರನೇ ಹಂತದವರು, ರಕ್ತಹೀನತೆ ಇರೋರು, ಅವರಿಗೂ ಲಾಭ ಇದೆಯಾ ಅನ್ನೋ ಅನುಮಾನ ಇತ್ತು. ಅದನ್ನೂ ಟಾಟಾದವರೇ ತೀರಿಸಿದರು: ಹಂತ ಮೂರು ಬಿ ಇದ್ದ 850 ಮಹಿಳೆಯರು, ಐದು ವರ್ಷಕ್ಕೆ ಬದುಕಿದ್ದವರು ಬರೀ ರೇಡಿಯೇಷನ್ನಿಗೆ ಶೇ. 46, ಔಷಧ ಸೇರಿದರೆ ಶೇ. 54. 2018ರ ವರದಿ. ದೊಡ್ಡವ್ವನ ಹಂತದ್ದೇ ಲೆಕ್ಕ ಅದು. ನಾನು ಆ ಅಂಕಿಯನ್ನು ಅಕ್ಕನಿಗೆ, ಅಂದರೆ ದೊಡ್ಡವ್ವನ ಮಗಳಿಗೆ, ಹೇಳಲಿಲ್ಲ.

ಆಮೇಲೆ ನಾಲ್ಕು ಸಲ ಒಳಗಿನದು. ಸೊಂಟಕ್ಕೆ ಅರಿವಳಿಕೆ ಕೊಟ್ಟು ಕೊಳವೆ ಕೂರಿಸಿ, ಸ್ಕ್ಯಾನ್ ಮಾಡಿ, ಲೆಕ್ಕ ಹಾಕಿ, ಆಮೇಲೆ ಆ ಕೋಣೆಯಲ್ಲಿ ಒಬ್ಬಳೇ. ಚಿಕಿತ್ಸೆ ಹತ್ತು ಚಿಲ್ಲರೆ ನಿಮಿಷ, ಕಾಯೋದು ಅರ್ಧ ದಿನ. ಸುಲಭ ಅಂತ ನಾನು ಹೇಳಲಾರೆ. ನೋವಿತ್ತು, ನಾಚಿಕೆ ನೋವಿಗಿಂತ ಹೆಚ್ಚಿತ್ತು. ಎರಡನೇ ಸಲ ಹೊರಗೆ ಬಂದಾಗ ಅಕ್ಕನ ಕೈ ಹಿಡಕೊಂಡು, "ನಾಲ್ಕು ಹಡದೀನಿ, ಇದೇನ ದೊಡ್ಡದು" ಅಂದಳಂತೆ. ಈಗ ವಿಯೆನ್ನಾದಿಂದ ಶುರುವಾಗಿ ಎಂಆರ್‌ಐ ನೋಡಿಕೊಂಡು ಗೆಡ್ಡೆ ಕುಗ್ಗಿದ ಹಾಗೆ ಪ್ರತಿಸಲ ಡೋಸಿನ ಆಕಾರ ಬದಲಿಸೋ ಪದ್ಧತಿ ಬೆಳೆದಿದೆ. ಹಲವು ದೇಶಗಳ 1300ಕ್ಕೂ ಹೆಚ್ಚು ಮಹಿಳೆಯರ ಮೇಲಿನ ಅಧ್ಯಯನ 2021ರಲ್ಲಿ ಬಂತು: ಐದು ವರ್ಷಕ್ಕೆ ಆ ಜಾಗದಲ್ಲಿ ರೋಗ ಮರಳದೆ ಇದ್ದದ್ದು ಶೇ. 92. ನನ್ನ ಕಣ್ಣಿಗೆ ಬಿದ್ದ ಅತಿ ಒಳ್ಳೆಯ ಅಂಕಿ ಅದು, ಬಂದದ್ದು ಕ್ಲೀವ್ಸ್ ವೈದ್ಯೆಯ ಅದೇ ಹಳೇ ದಾರಿಯಿಂದ. ದೊಡ್ಡವ್ವನಿಗೆ ಎಂಆರ್‌ಐ ಪ್ರತಿಸಲ ಆಗಲಿಲ್ಲ, ಮೊದಲ ಸಲ ಮಾತ್ರ. ಉಳಿದದ್ದು ಸಿ.ಟಿ. ಮೇಲೆ.

ಇನ್ನೊಂದು ಮಾತು, ಇರಿಡಿಯಂ ಬಗ್ಗೆ. ಅದರ ಅರ್ಧಾಯುಷ್ಯ 74 ದಿನ. ಮೂರು-ನಾಲ್ಕು ತಿಂಗಳಿಗೊಮ್ಮೆ ಹೊಸದು ತರಿಸಬೇಕು, ತಡವಾದರೆ ಯಂತ್ರ ಇದ್ದೂ ಇಲ್ಲದ ಹಾಗೆ. ಇದಕ್ಕೇ ಕೆಲವು ಕಡೆ ಐದು ವರ್ಷ ಬಾಳೋ ಕೋಬಾಲ್ಟನ್ನು ಒಳಗಿನ ಚಿಕಿತ್ಸೆಗೂ ಬಳಸ್ತಾರೆ. ಜಿಲ್ಲಾ ಕೇಂದ್ರದ ಆಸ್ಪತ್ರೆಗಳಿಗೆ ನನ್ನ ಲೆಕ್ಕದಲ್ಲಿ ಅದೇ ಸರಿ. ಕಲಬುರಗಿಯಲ್ಲಿ ಕಿದ್ವಾಯಿಯ ಘಟಕ ಇದೆ. ಮಾನ್ವಿಯಿಂದ ಅಲ್ಲಿಗೆ ಹೋಗೋದಾ, ಹೈದರಾಬಾದಿಗೆ ಬರೋದಾ ಅಂತ ಕೇಳಿದವರಿಗೆ ನಾನು ಊರಿನ ಹೆಸರು ಹೇಳಲ್ಲ. ಮೂರು ಪ್ರಶ್ನೆ ಬರೆದುಕೊಡ್ತೀನಿ: ಒಳಗಿನದು ಅಲ್ಲೇ ಮಾಡ್ತಾರಾ, ಮೂಲ ಈಗ ಚಾಲ್ತಿಯಲ್ಲಿದೆಯಾ, ಎಂಟು ವಾರದಲ್ಲಿ ಮುಗಿಸ್ತಾರಾ.

ದೊಡ್ಡವ್ವ ಮೊನ್ನೆ ತಪಾಸಣೆಗೆ ಬಂದಿದ್ದಳು. ಮೂತ್ರ ಸ್ವಲ್ಪ ಅವಸರ, ಒಮ್ಮೊಮ್ಮೆ ಮಲದಲ್ಲಿ ರಕ್ತದ ಗೆರೆ. ಅದು ರೇಡಿಯೇಷನ್ನಿನದು, ನೋಡ್ಕೋಬೇಕು ಅಂದರು. ರೋಗ ಕಾಣ್ತಿಲ್ಲ. ವಾಪಸ್ ಬರುವಾಗ ಆಟೋ ಮೆಹದಿಪಟ್ಣಂ ರೈತು ಬಜಾರ್ ಹತ್ತಿರ ಸಿಕ್ಕಿಹಾಕಿಕೊಂಡಿತು. ಈ ಊರಿನ ಹೆಸರು ಒಬ್ಬ ಮಂತ್ರಿದು, ಕ್ಯಾನ್ಸರ್ ಆಸ್ಪತ್ರೆ ಕಟ್ಟಿಸಿದವರು ಅಂತ ಹೇಳಿದೆ. "ನಮ್ಮ ಕಡೆಯವರೇನು?" ಅಂದಳು. ಆಗ ಎಲ್ಲ ಒಂದೇ ಕಡೆ ಇತ್ತು ದೊಡ್ಡವ್ವ, ಅಂದೆ. ಅವಳು ಆಗಲೇ ಗಾಡಿಯವನ ಹತ್ತಿರ ಮೆಂತ್ಯ ಸೊಪ್ಪಿನ ಚೌಕಾಶಿಗೆ ಇಳಿದಿದ್ದಳು.